ಹಲಸಿನ ಕಂಬದ ಕಚ್ಚು

ಒಬ್ಬ ಮನುಷ್ಯನ ಮೇಲೆ ನಾನು ಎಂಟು ವರ್ಷ ಹಗೆ ಸಾಧಿಸಿದ್ದೇನೆ. ಜಾಗದ ತಕರಾರಲ್ಲ, ಕೋರ್ಟು ಕಚೇರಿಯ ವ್ಯಾಜ್ಯವೂ ಅಲ್ಲ. ಅವರು ನನಗೆ ಕೆಲಸ ಕಲಿಸಬೇಕಾಗಿತ್ತು, ಕಲಿಸಲಿಲ್ಲ. ಇಷ್ಟಕ್ಕೆ ಎಂಟು ವರ್ಷವೇ ಎಂದು ಕೇಳಿದವರೆಲ್ಲ ನಗುತ್ತಾರೆ. ನಗಲಿ. ಅವರ ಕೈಕೆಳಗೆ ಒಂದು ವರ್ಷ ಕಳೆದವರು ಯಾರಾದರೂ ನಕ್ಕರೆ ಮಾತ್ರ ನಾನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ.

ಐವತ್ತರ ದಶಕದ ಕೊನೆಯ ಮಾತು. ನಾನು ಮದರಾಸಿನಲ್ಲಿ ಇಂಜಿನಿಯರಿಂಗ್ ಪಾಸು ಮಾಡಿ ಊರಿಗೆ ಬರುವ ಹೊತ್ತಿಗೆ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿಯಾಗಿತ್ತು. ನನ್ನ ತಂದೆಯವರಿಗೆ ಕಲ್ಲಡ್ಕದಲ್ಲಿ ಸಣ್ಣ ಹೋಟೆಲು. ಮಗ ಬಿ.ಇ. ಆದದ್ದನ್ನು ಅವರು ಚಾ ಕುಡಿಯಲು ಬಂದವರಿಗೆಲ್ಲ ಹೇಳುತ್ತಿದ್ದರು. ಕೇಳಿಸಿಕೊಳ್ಳದವನಿಗೆ ಎರಡು ಸಲ ಹೇಳುತ್ತಿದ್ದರು. ಆದರೆ ಇಲಾಖೆಯಲ್ಲಿ ನೌಕರಿ ಸಿಗಬೇಕಾದರೆ ಮೊದಲು ಒಂದು ವರ್ಷ ತರಬೇತಿ ಆಗಬೇಕಿತ್ತು. ವರ್ಷದ ಕೊನೆಗೆ ಮೇಲಿನವರು ಬರೆದುಕೊಡುವ ಸರ್ಟಿಫಿಕೇಟು ಒಳ್ಳೆಯದಿದ್ದರೆ ನೌಕರಿ, ಇಲ್ಲವಾದರೆ ಮನೆ. ನನ್ನನ್ನು ಬಂಟ್ವಾಳದ ಕಚೇರಿಗೆ ಹಾಕಿದರು.

ಅಲ್ಲಿನ ಇಂಜಿನಿಯರರು, ಅಂದರೆ ನಮ್ಮ ಸಾಹೇಬರು, ಡಿಗ್ರಿ ಇಲ್ಲದವರು. ಓವರ್ಸಿಯರ್ ಆಗಿ ಸೇರಿ, ಇಪ್ಪತ್ತೈದು ವರ್ಷ ರಸ್ತೆ ರಸ್ತೆ ಅಲೆದು ಮೇಲೆ ಬಂದವರು. ಕಡ್ಡಿಯಂಥ ದೇಹ, ಖಾಕಿ ಚಡ್ಡಿ, ಬಾಯಿ ತುಂಬ ಎಲೆಯಡಿಕೆ. ಬಾಯಲ್ಲಿ ಎಲೆ ಇದ್ದುದರಿಂದ ಮಾತು ಕಡಿಮೆಯೋ, ಮಾತಾಡಬಾರದೆಂದೇ ಎಲೆ ಹಾಕಿಕೊಳ್ಳುತ್ತಿದ್ದರೋ ತಿಳಿಯದು. ಮೋರಿಯ ಕಲ್ಲನ್ನು ಹೀಗೇಕೆ ಇಟ್ಟರು ಎಂದು ಕೇಳಿದರೆ "ನೋಡು" ಎನ್ನುತ್ತಿದ್ದರು. ಏನನ್ನು ನೋಡಬೇಕು ಎಂದು ಹೇಳುತ್ತಿರಲಿಲ್ಲ. ನಾನು ಕಲ್ಲನ್ನು ನೋಡುತ್ತ ನಿಲ್ಲುತ್ತಿದ್ದೆ, ಅವರು ಮುಂದಿನ ಮೋರಿಗೆ ಹೋಗಿರುತ್ತಿದ್ದರು.

ನನ್ನ ಹೆಸರನ್ನು ಅವರು ಒಂದು ದಿನವೂ ಕರೆಯಲಿಲ್ಲ. ಮೊದಲನೇ ದಿನವೇ ನಾನು "ಬಿ.ಇ." ಆದೆ. ಬಿ.ಇ., ಕೊಡೆ ಹಿಡಿ. ಬಿ.ಇ., ನೀರಿಗಿಳಿ. ಕಾಲೇಜಿನಲ್ಲಿ ನೆಲದ ಏರಿಳಿತ ಅಳೆಯುವ ಲೆವೆಲ್ ಯಂತ್ರದ ಕಣ್ಣಿಗೆ ಕಣ್ಣಿಟ್ಟವನು ಇಲ್ಲಿ ಸೊಂಟದವರೆಗೆ ನೀರಿನಲ್ಲಿ ಅಳತೆಯ ಕೋಲು ಹಿಡಿದು ನಿಲ್ಲಬೇಕು. ಯಂತ್ರ ನೋಡುವವರು ಅವರು. ಕಚೇರಿಯ ಜವಾನ ರಜೆ ಹಾಕಿದ ದಿನ ಅವರ ಮನೆಗೆ ಮೀನು ತರುವವನೂ ನಾನೇ. ಒಮ್ಮೆ ಬಂಟ್ವಾಳದ ಮಾರ್ಕೆಟಿನಲ್ಲಿ ಬಂಗುಡೆಯ ಚೀಲ ಹಿಡಿದು ನಿಂತಿದ್ದಾಗ ಕಲ್ಲಡ್ಕದ ಪರಿಚಯದವರೊಬ್ಬರು ನೋಡಿದರು. ಆ ಭಾನುವಾರ ಊರಿಗೆ ಹೋದಾಗ ತಂದೆಯವರು ಏನೂ ಕೇಳಲಿಲ್ಲ. ಊಟಕ್ಕೆ ಕುಳಿತಾಗ ಮಾತ್ರ, ಬಂಟ್ವಾಳದಲ್ಲಿ ಈಗ ಮೀನು ಹೇಗೆ, ಒಳ್ಳೆಯದು ಸಿಗುತ್ತದೆಯೇ ಎಂದು ತಟ್ಟೆ ನೋಡುತ್ತ ವಿಚಾರಿಸಿದರು. ಬಂಟ್ವಾಳದ ಈ ಮನುಷ್ಯನನ್ನು ಸುಮ್ಮನೆ ಬಿಡುವುದಿಲ್ಲ ಎಂದು ಅವತ್ತೇ ನಿಶ್ಚಯ ಮಾಡಿದೆ.

ವರ್ಷದ ಎಂಟನೇ ತಿಂಗಳಲ್ಲಿ ನನಗೊಂದು ನಿಜವಾದ ಕೆಲಸ ಸಿಕ್ಕಿತು. ಬೆಳ್ತಂಗಡಿಯಿಂದ ಆಚೆ ಒಂದು ಹೊಳೆಗೆ ಸೇತುವೆ ಆಗಬೇಕಿತ್ತು. ಸೇತುವೆಯನ್ನು ಎಷ್ಟು ಎತ್ತರ ಕಟ್ಟಬೇಕು ಎಂದು ತಿಳಿಯಲು, ಹಿಂದೆ ಬಂದ ಅತಿ ದೊಡ್ಡ ನೆರೆಯಲ್ಲಿ ನೀರು ಎಲ್ಲಿಯವರೆಗೆ ಏರಿತ್ತು ಎಂಬುದು ಗೊತ್ತಾಗಬೇಕು. ಅದನ್ನು ಬರೆದಿಟ್ಟ ಕಾಗದ ಎಲ್ಲಿಯೂ ಇಲ್ಲ. ಹೊಳೆಯ ಬದಿಯ ಮನೆಗಳಿಗೆ ಹೋಗಿ ವಯಸ್ಸಾದವರನ್ನು ಕೇಳಬೇಕು, ಅವರು ತೋರಿಸಿದ ಜಾಗದಿಂದ ಅಳೆದುಕೊಂಡು ಬರಬೇಕು. ಸಾಹೇಬರು ನನ್ನನ್ನು ಕರೆದು, ಕೇಳಿಕೊಂಡು ಬಾ ಎಂದರು. ಹೇಗೆ ಕೇಳಬೇಕು, ಏನನ್ನು ಗಮನಿಸಬೇಕು ಎಂಬುದರ ಸುದ್ದಿಯೇ ಇಲ್ಲ.

ನಾನು ನಾಲ್ಕು ದಿನ ತಿರುಗಿದೆ. ಹೆಚ್ಚಿನವರು ಕೈಯನ್ನು ಎದೆಯ ಹತ್ತಿರ ತಂದು "ಇಷ್ಟು" ಎನ್ನುತ್ತಿದ್ದರು. ಐದನೇ ದಿನ ಒಬ್ಬ ಅಜ್ಜಿಯ ಮನೆಗೆ ಹೋದೆ. ಗುಡ್ಡೆಯ ಬದಿಗೆ ಕಟ್ಟಿದ ಹಳೆಯ ಒಕ್ಕಲು ಮನೆ, ಜಗಲಿಯಲ್ಲಿ ತಬ್ಬಿದರೆ ಕೈಗೆ ಸಿಗದಷ್ಟು ದಪ್ಪದ ಹಲಸಿನ ಕಂಬ. ಆ ದೊಡ್ಡ ನೆರೆಯಲ್ಲಿ ನೀರು ಎಲ್ಲಿವರೆಗೆ ಬಂದಿತ್ತು ಅಜ್ಜಿ ಎಂದು ತುಳುವಿನಲ್ಲಿ ಕೇಳಿದೆ. ಅವರು ಎದ್ದು ಬಂದು ಕಂಬದಲ್ಲಿ ಮೊಣಕಾಲೆತ್ತರಕ್ಕೆ ಇದ್ದ ಒಂದು ಕಚ್ಚಿನ ಮೇಲೆ ಬೆರಳಿಟ್ಟರು. ಮನೆಯ ಯಜಮಾನರಾಗಿದ್ದ ಅವರ ಸೋದರಮಾವ ನೀರು ಇಳಿಯುವ ಮೊದಲೇ ಕತ್ತಿಯಲ್ಲಿ ಕಡಿದು ಹಾಕಿದ ಗುರುತಂತೆ. ನನಗೆ ಆದ ಸಂತೋಷ ಹೇಳತೀರದು. ಎಲ್ಲರ ಬಾಯಿಮಾತಿನ ನಡುವೆ ಇದೊಂದು ಕತ್ತಿಯ ಗುರುತು.

ಮೇಸ್ತ್ರಿಯನ್ನು ಕರೆದುಕೊಂಡು ಎರಡು ದಿನ ಬಿಸಿಲಿನಲ್ಲಿ ನಿಂತು, ಆ ಕಚ್ಚಿನಿಂದ ಸೇತುವೆಯ ಜಾಗದವರೆಗೆ ಎತ್ತರ ಅಳೆದುಕೊಂಡು ಬಂದೆ. ಸಾಹೇಬರು ತಮ್ಮ ಅನುಭವದಿಂದ ಮೊದಲೇ ಗೊತ್ತುಮಾಡಿದ್ದ ಎತ್ತರ ಸಾಲದು, ಇನ್ನೂ ಏಳಡಿ ಏರಿಸಬೇಕು ಎಂದು ಲೆಕ್ಕ ಹೇಳಿತು. ಏಳಡಿ ಎಂದರೆ ಸಣ್ಣ ತಪ್ಪೇ? ಇಪ್ಪತ್ತೈದು ವರ್ಷದ ಅನುಭವ ನನ್ನ ಕೈಗೆ ಸಿಕ್ಕಿಬಿದ್ದಿತ್ತು. ಹನ್ನೊಂದು ಪುಟದ ವರದಿ ಬರೆದೆ, ಬಣ್ಣದ ಶಾಯಿಯಲ್ಲಿ ನಕ್ಷೆ ಹಾಕಿದೆ, ಕಾರ್ಬನ್ ಇಟ್ಟು ಒಂದು ಪ್ರತಿ ನನಗೆ ಇಟ್ಟುಕೊಂಡೆ.

ವರದಿ ಕೊಟ್ಟಾಗ ಕಚೇರಿಯಲ್ಲಿ ಗುಮಾಸ್ತರಿದ್ದರು, ಗುತ್ತಿಗೆದಾರರಿದ್ದರು, ಮೇಸ್ತ್ರಿಯೂ ಇದ್ದ. ಸಾಹೇಬರು ಮೊದಲ ಪುಟ ಓದಿ, ನಕ್ಷೆ ನೋಡಿ, ನನ್ನ ಕಡೆ ತಿರುಗಿದರು.

"ಕಂಬ ನೋಡಿದ್ದೀಯಾ?"

ನೋಡಿದ್ದೇನೆ ಎಂದೆ.

"ಸರಿಯಾಗಿ ನೋಡಿದ್ದೀಯಾ?"

ಅಳೆದೇ ಬಂದಿದ್ದೇನೆ ಎಂದೆ. ನನ್ನ ದನಿ ಸ್ವಲ್ಪ ಏರಿತ್ತು. ಅವರು ಕಿಟಕಿಯ ಹತ್ತಿರ ಹೋಗಿ ಎಲೆಯಡಿಕೆ ಉಗಿದು ಬಂದು ನಕ್ಕರು. ಅವರು ನಕ್ಕರೆಂದು ಉಳಿದವರೂ ನಕ್ಕರು. ಏಕೆ ನಗುವುದೆಂದು ಮೇಸ್ತ್ರಿಗೆ ಗೊತ್ತಿರಲಿಲ್ಲ, ಆದರೂ ಎಲ್ಲರಿಗಿಂತ ದೊಡ್ಡದಾಗಿ ನಕ್ಕವನು ಅವನೇ. ಸಾಹೇಬರು ಹನ್ನೊಂದು ಪುಟವನ್ನೂ ಮಡಚಿ ನನ್ನ ಕೈಗೆ ಕೊಟ್ಟರು.

"ಇದನ್ನು ಊರಿಗೆ ಕೊಂಡುಹೋಗು ಬಿ.ಇ. ನಿಮ್ಮ ಹೋಟೆಲಿನಲ್ಲಿ ಗೋಳಿಬಜೆ ಕಟ್ಟಿ ಕೊಡಲಿಕ್ಕೆ ಆಗ್ತದೆ."

ಸೇತುವೆ ಅವರು ಹೇಳಿದ ಎತ್ತರಕ್ಕೇ ಆಯಿತು. ವರ್ಷ ಮುಗಿದಾಗ ಸರ್ಟಿಫಿಕೇಟಿನಲ್ಲಿ ಎರಡೇ ವಾಕ್ಯ ಬರೆದಿದ್ದರು: ಪುಸ್ತಕದ ಜ್ಞಾನ ಉಂಟು, ಹೊರಗಿನ ಕೆಲಸಕ್ಕೆ ಯೋಗ್ಯನಲ್ಲ. ನನ್ನ ಜೊತೆ ತರಬೇತಿ ಮುಗಿಸಿದವರೆಲ್ಲ ನೌಕರಿಗೆ ಸೇರಿ ಜೀಪಿನಲ್ಲಿ ಓಡಾಡತೊಡಗಿದರು. ನಾನು ಮೂಡಬಿದ್ರೆಯ ಒಂದು ಶಾಲೆಯಲ್ಲಿ ಲೆಕ್ಕದ ಮಾಸ್ತರನಾದೆ. ತಂದೆಯವರು ಗಿರಾಕಿಗಳ ಹತ್ತಿರ ನನ್ನ ವಿಷಯ ಎತ್ತುವುದನ್ನು ನಿಲ್ಲಿಸಿದರು.

ಮೂಡಬಿದ್ರೆಯಲ್ಲಿ ಮೂರು ವರ್ಷ ಇದ್ದೆ. ಒಳ್ಳೆಯ ಊರು, ಒಳ್ಳೆಯ ಜನ, ಪುತ್ತಿಗೆಯ ಕಡೆಯಿಂದ ನಡೆದು ಬರುತ್ತಿದ್ದ ಮಕ್ಕಳು ಚುರುಕಾಗಿದ್ದರು. ನನಗೆ ಒಂದೂ ಬೇಕಾಗಿರಲಿಲ್ಲ. ಮಳೆಗಾಲ ಬಂತೆಂದರೆ ಜೀವ ಬರುತ್ತಿತ್ತು. ಎರಡು ದಿನ ಎಡೆಬಿಡದೆ ಹೊಯ್ದರೆ ಮೂರನೇ ದಿನ ಶಾಲೆಗೆ ರಜೆ ಹಾಕಿ, ವೇಣೂರು ದಾರಿಯಾಗಿ ಬಸ್ಸು ಹಿಡಿದು ಬೆಳ್ತಂಗಡಿಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಆ ಸೇತುವೆಗೆ ಹೋಗುತ್ತಿದ್ದೆ. ನೀರು ಸೇತುವೆಯ ಮೇಲೆ ಬರಬೇಕು, ಅದನ್ನು ನಾನು ಕಣ್ಣಾರೆ ನೋಡಬೇಕು. ಹೊಳೆಯ ಬದಿಯಲ್ಲಿ ಮನೆಗಳಿವೆ, ದನಕರುಗಳಿವೆ ಎಂದು ನೆನಪಾಗುತ್ತಿತ್ತು. ಆದರೂ ಬರಲಿ ಎಂದೇ ಬಯಸುತ್ತಿದ್ದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆಗ ಆಗುತ್ತಿರಲಿಲ್ಲ.

ಸೇತುವೆಯ ತುದಿಯಲ್ಲಿ ಒಬ್ಬ ಬ್ಯಾರಿಯವರ ಚಾದಂಗಡಿ ಇತ್ತು. ಮೊದಲ ವರ್ಷ ಅವರು ನನ್ನನ್ನು ಸರಕಾರದ ಕಡೆಯವನೆಂದು ತಿಳಿದಿದ್ದರು. ಎರಡನೇ ವರ್ಷ, ನಾನು ಈ ಕಡೆ ಎಲ್ಲೋ ಹೆಣ್ಣು ನೋಡಿದ್ದೇನೆ, ಕೇಳಲು ಧೈರ್ಯವಿಲ್ಲ ಎಂದುಕೊಂಡರು. ಮೂರನೇ ವರ್ಷದ ಮಳೆಗಾಲದಲ್ಲಿ, ಕೆಂಪು ನೀರು ಸೇತುವೆಯಿಂದ ಮೂರು ಮೊಳ ಕೆಳಗೆ ಬಂದು ನಿಂತಿತ್ತು. ಕೊಡೆ ಹಿಡಿದು ಎರಡು ಗಂಟೆ ಕಾದೆ. ಏರಲಿಲ್ಲ. ಇನ್ನು ಮೇಲೆ ಬರುವುದಿಲ್ಲ ಮಾಸ್ಟ್ರೇ, ಒಳಗೆ ಬಂದು ಚಾ ಕುಡಿಯಿರಿ ಎಂದು ಅವರು ಕರೆದರು. ಮೋಡದ ಮೇಲೂ ಸಿಟ್ಟು ಮಾಡಬಹುದು ಎಂದು ನನಗೆ ಗೊತ್ತಾದದ್ದು ಅಂದು.

ಅಷ್ಟರಲ್ಲಿ ಎಲ್ಲ ಕಡೆ ಹೊಸ ಕೆಲಸಗಳು ಶುರುವಾಗಿ ಇಲಾಖೆಗೆ ಇಂಜಿನಿಯರುಗಳು ಸಾಲದಾದರು. ಯೋಗ್ಯರಲ್ಲದವರನ್ನೂ ಕರೆಯತೊಡಗಿದರು. ನಾನು ಮಂಗಳೂರಿನ ಕಚೇರಿಯಲ್ಲಿ, ಹೊರಗೆ ಹೋಗದ, ಮೇಜಿನ ಮೇಲಿನ ಕೆಲಸಕ್ಕೆ ಸೇರಿದೆ. ನಾಲ್ಕು ವರ್ಷ ತೆಪ್ಪಗೆ ಫೈಲು ಬರೆದೆ. ಐದನೇ ವರ್ಷಕ್ಕೆ ಕಾಲಿಡುವಾಗ ಕಾಯುತ್ತಿದ್ದ ದಿನ ಬಂತು. ಬಂಟ್ವಾಳದ ಸಾಹೇಬರಿಗೆ ನಿವೃತ್ತಿಗೆ ಹತ್ತು ತಿಂಗಳಿತ್ತು, ಬಡ್ತಿಯ ಪಟ್ಟಿಯಲ್ಲಿ ಅವರ ಹೆಸರಿತ್ತು. ಓವರ್ಸಿಯರ್ ಆಗಿ ಸೇರಿದವರು ಜಿಲ್ಲೆಯ ದೊಡ್ಡ ಕುರ್ಚಿಯಲ್ಲಿ ಕುಳಿತು ನಿವೃತ್ತರಾಗುವುದೆಂದರೆ ಸಣ್ಣ ಮಾತಲ್ಲ. ಅವರು ಆಸೆಪಟ್ಟದ್ದು ಅದೊಂದನ್ನೇ ಎಂದು ಎಲ್ಲರೂ ಹೇಳುತ್ತಿದ್ದರು. ಅದೇ ವಾರ ನನ್ನ ಮೇಜಿಗೆ ಒಂದು ಸುತ್ತೋಲೆ ಬಂತು: ಮಳೆಗಾಲದಲ್ಲಿ ಮುಳುಗುವ ಭಯ ಇರುವ ಸೇತುವೆಗಳ ಪಟ್ಟಿ ಮಾಡಿ ಕಳುಹಿಸಿ.

ಪಟ್ಟಿಯ ಮೊದಲನೇ ಹೆಸರು ಯಾವುದೆಂದು ಹೇಳಬೇಕಾಗಿಲ್ಲ. ನೆರೆಯ ಗುರುತು ಸಿಕ್ಕಿದ್ದರೂ ಬೇಕೆಂದೇ ಕಡೆಗಣಿಸಿ ಏಳಡಿ ಕೆಳಗೆ ಕಟ್ಟಲಾಗಿದೆ ಎಂದು ಟಿಪ್ಪಣಿ ಬರೆದು, ಜೋಪಾನ ಮಾಡಿದ್ದ ಕಾರ್ಬನ್ ಪ್ರತಿಯನ್ನು ಅದಕ್ಕೆ ಹೊಲಿದೆ. ಹದಿನೈದು ದಿನದಲ್ಲಿ ಆಜ್ಞೆ ಬಂತು: ವಿಚಾರಣೆ ಮುಗಿಯುವ ತನಕ ಬಡ್ತಿ ತಡೆಯತಕ್ಕದ್ದು. ಆ ಸಂಜೆ ನಾನು ಹೋಟೆಲಿಗೆ ಹೋಗಿ ಎರಡು ಪ್ಲೇಟು ಗೋಳಿಬಜೆ ತಿಂದೆ. ಅಷ್ಟು ರುಚಿಯ ಗೋಳಿಬಜೆಯನ್ನು ನಮ್ಮ ತಂದೆಯವರೂ ಮಾಡಿದವರಲ್ಲ.

ಸಾಹೇಬರಿಂದ ವಿವರಣೆ ಕೇಳಿದರು. ಬಂದ ಉತ್ತರ ಒಂದು ಸಾಲಿನದು: ಸೇತುವೆ ಮುಳುಗಿಲ್ಲ, ಮುಳುಗುವುದಿಲ್ಲ, ಹೋಗಿ ನೋಡಬಹುದು. ಅದನ್ನು ಓದಿ ನಾನು ನಕ್ಕೆ. ಹೀಗೆಯೇ ಬರೆಯುತ್ತಾರೆ ಎಂದು ನನಗೆ ಗೊತ್ತಿತ್ತು. ಯಾರಿಗೂ ಯಾವುದನ್ನೂ ಬಿಡಿಸಿ ಹೇಳದ ಬಾಯಿ ಅದು. ತನ್ನ ಕುತ್ತಿಗೆಗೆ ಬಂದಾಗಲೂ ತೆರೆಯಲಿಲ್ಲ.

ವಿಚಾರಣೆಗೆ ಬಂದ ಅಧಿಕಾರಿ ಮೈಸೂರು ಕಡೆಯವರು. ತುಳುವಿನ ಒಂದಕ್ಷರ ಬಾರದು. ಆ ಅಜ್ಜಿಗೆ ಕನ್ನಡ ಅಷ್ಟಕ್ಕಷ್ಟೆ. ಜಾಗವೂ ಗೊತ್ತು, ಭಾಷೆಯೂ ಗೊತ್ತು, ನೀವೇ ಬನ್ನಿ ಎಂದು ಅವರು ನನ್ನನ್ನು ಜೀಪಿಗೆ ಹತ್ತಿಸಿಕೊಂಡರು. ದೂರು ಬರೆದವನನ್ನೇ ದುಭಾಷಿಯಾಗಿ ಕರೆದುಕೊಂಡು ಹೋಗಬಾರದೆಂದು ಅವರಿಗೂ ಹೊಳೆಯಲಿಲ್ಲ, ನಾನೂ ನೆನಪು ಮಾಡಲಿಲ್ಲ.

ಅಜ್ಜಿ ಇನ್ನೂ ಇದ್ದರು. ಕಣ್ಣು ಮಂಜಾಗಿತ್ತು, ಆದರೆ ನನ್ನ ದನಿ ಕೇಳಿದ ಕೂಡಲೇ, ಹಿಂದೆ ಕಂಬ ಅಳೆಯಲು ಬಂದಿದ್ದ ಮಗನಲ್ಲವೇ ಎಂದು ಗುರುತಿಸಿದರು. ಬೆಲ್ಲ, ನೀರು ಬಂತು. ಅಧಿಕಾರಿ ಕೇಳಿದ್ದನ್ನು ನಾನು ತುಳುವಿನಲ್ಲಿ ಕೇಳಿದೆ. ಅವರು ಮೊದಲಿನ ಹಾಗೆಯೇ ಎದ್ದು ಬಂದು, ತಡವರಿಸಿ ಕಚ್ಚು ಹುಡುಕಿ ಬೆರಳಿಟ್ಟರು. ಅಧಿಕಾರಿ ಬಗ್ಗಿ ನೋಡಿ ಪುಸ್ತಕದಲ್ಲಿ ಬರೆದುಕೊಂಡರು. ಕೆಲಸ ಮುಗಿಯಿತು ಎಂದು ನಾನು ಒಳಗೊಳಗೇ ಹಿಗ್ಗುತ್ತಿರುವಾಗ ಅಜ್ಜಿ ತಾವಾಗಿಯೇ ಮಾತು ಮುಂದುವರಿಸಿದರು.

"ಆಗ ಮನೆ ಇಲ್ಲಿ ಇದ್ದದ್ದಲ್ಲ ಮಗಾ. ಕೆಳಗೆ ಗದ್ದೆಯ ಬದಿಯಲ್ಲಿ ಇತ್ತು. ಆ ನೆರೆ ಇಳಿದ ಮೇಲೆ ಮಾವ ಮನೆ ಬಿಚ್ಚಿಸಿ, ಕಂಬ ಎಲ್ಲ ಹೊರಿಸಿ ತಂದು ಇಲ್ಲಿ ಕಟ್ಟಿಸಿದ್ದು. ಇನ್ನು ನೀರು ಇಲ್ಲಿಗೆ ಬರಲಿಕ್ಕಿಲ್ಲ ಅಂತ."

ಮೊದಲು ಬಂದಾಗ ಇದನ್ನು ಏಕೆ ಹೇಳಲಿಲ್ಲ ಎಂದು ಕೇಳಿದೆ.

"ನೀರು ಎಲ್ಲಿವರೆಗೆ ಬಂತು ಅಂತ ಕೇಳಿದೆ ನೀನು. ಮನೆ ಎಲ್ಲಿತ್ತು ಅಂತ ಕೇಳಲಿಲ್ಲ."

ಕಂಬ ನೋಡಿದೆ. ಎಂಟು ವರ್ಷದಲ್ಲಿ ಮೊದಲ ಸಲ ಸರಿಯಾಗಿ ನೋಡಿದೆ. ಮೇಲುಗಡೆ ನಾಲ್ಕು ಚೌಕದ ತೂತುಗಳಿದ್ದವು, ಅವುಗಳಲ್ಲಿ ಯಾವ ಅಡ್ಡಮರವೂ ಇರಲಿಲ್ಲ. ಬೇರೆ ಮನೆಯಲ್ಲಿ, ಬೇರೆ ಅಡ್ಡಮರಗಳಿಗೆ ಕೊರೆದ ತೂತುಗಳು. ನಮ್ಮ ಕಡೆ ಮನೆ ಬಿಚ್ಚಿದರೆ ಕಂಬವನ್ನು ಯಾರೂ ಬಿಸಾಡುವುದಿಲ್ಲ, ಹೊಸ ಮನೆಗೆ ಹೊತ್ತುಕೊಂಡು ಹೋಗಿ ನಿಲ್ಲಿಸುತ್ತಾರೆ. ಇದು ಮಕ್ಕಳಿಗೂ ಗೊತ್ತಿರುವ ವಿಷಯ. ನಮ್ಮ ಹೋಟೆಲಿನ ಎದುರಿನ ಎರಡು ಕಂಬಗಳೇ ಯಾರದೋ ಬಿಚ್ಚಿದ ಮನೆಯಿಂದ ಬಂದವು. ಅವುಗಳ ತೂತಿನಲ್ಲಿ ನಾನು ಚಿಕ್ಕವನಿದ್ದಾಗ ಗೋಲಿ ಅಡಗಿಸಿಡುತ್ತಿದ್ದೆ. ಹಾಗಿದ್ದೂ ಅಳೆಯುವಾಗ ಅದು ನನ್ನ ತಲೆಗೆ ಬರಲಿಲ್ಲ. ಕಂಬ ನೆಲಕ್ಕೆ ಸೇರಿದ್ದು ಎಂದುಕೊಂಡೆ, ಕಚ್ಚಿಗೆ ಯಂತ್ರ ಇಟ್ಟೆ. ಸಾಹೇಬರ ಎತ್ತರ ಸರಿಯಾಗಿತ್ತು, ನನ್ನ ಏಳಡಿ ಶುದ್ಧ ಬೊಗಳೆಯಾಗಿತ್ತು.

ಅವರಿಗೆ ಆ ದಿನವೇ ಗೊತ್ತಿತ್ತು! ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಕಂಬದ ತೂತು ನೋಡು ಬಿ.ಇ. ಎಂದಿದ್ದರೆ ನಾನು ಅಲ್ಲೇ ನಾಚಿ, ಜೀವಮಾನ ಪೂರ್ತಿ ಅವರನ್ನು ಗುರು ಎನ್ನುತ್ತಿದ್ದೆ. ತರಬೇತಿ ಎಂದರೆ ಮತ್ತೇನು? ಹೇಳುವುದನ್ನು ಬಿಟ್ಟು, ಮೇಸ್ತ್ರಿಯ ಎದುರು ನನ್ನನ್ನು ನಗೆಪಾಟಲು ಮಾಡಿ, ತಂದೆಯವರ ಹೋಟೆಲನ್ನು ಎಳೆದು ತಂದರು. ನನ್ನ ತಪ್ಪು ಕಣ್ಣೆದುರು ನಿಂತಿದ್ದರೂ ಸಿಟ್ಟು ಇಳಿಯಲಿಲ್ಲ, ಇನ್ನೂ ಏರಿತು.

"ಏನಂತಾರ್ರೀ? ಇಷ್ಟೊತ್ತು ಮಾತಾಡಿದ್ರಲ್ಲ" ಎಂದರು ಅಧಿಕಾರಿ, ಪೆನ್ನಿನ ತುದಿ ಪುಸ್ತಕದ ಮೇಲೆ ಇಟ್ಟುಕೊಂಡು.

ಒಂದು ಉಸಿರೆಳೆಯುವಷ್ಟು ಸಮಯ ಇತ್ತು. ನಿಜ ಹೇಳಿದರೆ ಅವರಿಗೆ ಬಡ್ತಿ, ನನಗೆ ಮತ್ತೊಮ್ಮೆ ಎಲ್ಲರ ಎದುರು ನಗು.

"ಅದೇ ಸಾರ್. ನೀರು ಇಲ್ಲಿವರೆಗೆ ಬಂದಿತ್ತಂತೆ. ಇವರ ಮಾವ ಕತ್ತಿಯಲ್ಲಿ ಗುರುತು ಹಾಕಿದ್ದಂತೆ."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವರು ಬರೆದುಕೊಂಡು ಪುಸ್ತಕ ಮುಚ್ಚಿದರು. ಜೀಪಿನ ಕಡೆ ಹೊರಟಾಗ ಅಜ್ಜಿ ನನ್ನ ಕೈ ಹಿಡಿದು, ಎಲ್ಲ ಹೇಳಿದೆಯಾ ಮಗಾ ಅವರಿಗೆ ಎಂದು ಕೇಳಿದರು. ಹೇಳಿದೆ ಅಜ್ಜಿ ಎಂದೆ.

ವಿಚಾರಣೆಯ ಕಾಗದಗಳು ಬೆಂಗಳೂರಿಗೆ ಹೋಗಿ, ಅಲ್ಲಿ ಮಲಗಿ, ತಿರುಗಿ ಬರುವಷ್ಟರಲ್ಲಿ ಹತ್ತು ತಿಂಗಳು ಕಳೆದವು. ಬಂಟ್ವಾಳದ ಸಾಹೇಬರು ಬಂಟ್ವಾಳದ ಅದೇ ಕುರ್ಚಿಯಿಂದ ನಿವೃತ್ತರಾದರು. ಒಂದು ಮಧ್ಯಾಹ್ನ ಕಚೇರಿಯ ಹಿಂದಿನ ಕೋಣೆಯಲ್ಲಿ ಬೀಳ್ಕೊಡುಗೆ ಇಟ್ಟಿದ್ದರು. ನಾನು ಮಂಗಳೂರಿನಿಂದ ಬಸ್ಸು ಹಿಡಿದು ಹೋದೆ. ಸೋತ ಮುಖ ನೋಡಲೆಂದೇ ಹೋದೆ, ಬೇರೆ ಏನೂ ಕಾರಣವಿರಲಿಲ್ಲ.

ಹಾರ ಹಾಕಿದರು, ಭಾಷಣ ಮಾಡಿದರು, ಕಾಫಿ ಕೊಟ್ಟರು. ಸಾಹೇಬರು ಆ ದಿನ ಎಲೆಯಡಿಕೆ ಹಾಕಿರಲಿಲ್ಲ. ನನ್ನನ್ನು ಕಂಡು ಪಕ್ಕದ ಕುರ್ಚಿ ತೋರಿಸಿದರು. ಟಿಪ್ಪಣಿ ಬರೆದವನು ನಾನೆಂದು ಅವರಿಗೆ ಗೊತ್ತಿತ್ತು. ನಾನು ಬೈಗಳಿಗೆ ಸಿದ್ಧನಾಗಿಯೇ ಕುಳಿತೆ. ಅವರು ಬೈಯಲಿಲ್ಲ.

"ಆ ಕಂಬ ನಾನು ಮೊದಲೇ ನೋಡಿದ್ದೆ, ಆ ದಿನ ಹೇಳಬೇಕಿತ್ತು ನಿನಗೆ. ನನಗೆ ಯಾರೂ ಹೇಳಿಕೊಟ್ಟವರಿಲ್ಲ, ನೋಡಿಯೇ ಕಲಿತದ್ದು. ನೀನೂ ನೋಡ್ತೀ ಅಂತ ಎಣಿಸಿದೆ. ನನ್ನದು ತಪ್ಪಾಯಿತು."

ಈ ಮಾತನ್ನು ಕೇಳಬೇಕೆಂದು ನಾನು ಎಂಟು ವರ್ಷ ಕಾದಿದ್ದೆ. ಕೇಳಿದಾಗ ಇರಲಿ ಸಾರ್ ಎಂದೆ. ಅವರು ಕಾಫಿಯ ಲೋಟವನ್ನು ಬದಿಗೆ ಸರಿಸಿ ನನ್ನ ಕಡೆ ಬಗ್ಗಿದರು.

"ವಿಚಾರಣೆಗೆ ಬಂದ ಆ ಸಾಹೇಬರ ಜೊತೆ ಹೋಗಿದ್ದಿಯಲ್ಲ, ಆಗಲಾದರೂ ಗೊತ್ತಾಯಿತಾ?"

ಗೊತ್ತಾಯಿತು ಎಂದರೆ, ಗೊತ್ತಿದ್ದೂ ಬಾಯಿ ಮುಚ್ಚಿದವನು ನಾನು ಎಂದು ಅವರಿಗೆ ಆ ಕ್ಷಣವೇ ತಿಳಿಯುತ್ತದೆ. ಅವರ ಕಣ್ಣು ನನ್ನ ಮುಖದ ಮೇಲೆಯೇ ಇತ್ತು.

"ಇಲ್ಲ ಸಾರ್."

"ಇನ್ನೂ ಗೊತ್ತಾಗಲಿಲ್ಲವಾ ಮಾರಾಯ" ಎಂದರು. ಅದರಲ್ಲಿ ತಮಾಷೆ ಇರಲಿಲ್ಲ, ನಿಜವಾದ ಕನಿಕರವಿತ್ತು. ಬೆರಳನ್ನು ಕಾಫಿಯಲ್ಲಿ ಅದ್ದಿ ಮೇಜಿನ ಮೇಲೆ ಹೊಳೆ ಬರೆದರು. ಹೊಳೆಯ ಬದಿಗೆ ಗದ್ದೆ, ಗದ್ದೆಯ ಬದಿಗೆ ಹಳೆಯ ಮನೆ, ಮೇಲೆ ಗುಡ್ಡೆ. ಕಂಬವನ್ನು ಕೆಳಗಿನಿಂದ ಮೇಲಕ್ಕೆ ಹೇಗೆ ಹೊತ್ತರು, ತೂತು ಏಕೆ ಖಾಲಿ ಇರುತ್ತದೆ, ಇಂಥ ಮನೆಗೆ ಹೋದರೆ ಮೊದಲು ಏನು ಕೇಳಬೇಕು ಎಂದು ಒಂದೊಂದಾಗಿ, ನಿಧಾನವಾಗಿ ಹೇಳಿಕೊಟ್ಟರು. ನಾನು ಆಗಲೇ ಗೊತ್ತಿದ್ದ ಪ್ರತಿಯೊಂದಕ್ಕೂ ಹೌದೇ ಸಾರ್ ಎನ್ನುತ್ತ ತಲೆಯಾಡಿಸಿದೆ. ಅವರು ತಲೆಯೆತ್ತಿ ನನ್ನ ಮುಖ ನೋಡಿದರು. ಇವನಿಗೆ ಅರ್ಥವಾಗಲಿಲ್ಲ ಎಂದುಕೊಂಡಿರಬೇಕು, ಅಂಗೈಯಿಂದ ಮೇಜು ಒರೆಸಿ, ಬೆರಳನ್ನು ಮತ್ತೆ ಕಾಫಿಗೆ ಅದ್ದಿ, ಮೊದಲಿನಿಂದ ಹೇಳಿಕೊಡತೊಡಗಿದರು.